ಸಾಲಕ್ಕೊಂದು ಕೊನೆ

ವಾಡಿ ಜಂಕ್ಷನ್ನಿನ ಕಟ್ಟೆಯ ಮೇಲೆ ಗಾಡಿಗಾಗಿ ಕಾದು ಕುಳಿತ ಅನುಭವ ತಮ್ಮಲ್ಲಿ ಅನೇಕರಿಗೆ ಇದ್ದೀತು. ಮುಂಬಯಿಯಿಂದ ಕಲಬುರಗಿ, ಶಹಾಬಾದ್ ಹಾದು ರಾಯಚೂರಿನ ಕಡೆಗೆ ಇಳಿಯುವ ಹಳಿ ಒಂದು. ಇಲ್ಲಿಂದ ಪೂರ್ವಕ್ಕೆ ತಿರುಗಿ ಚಿತ್ತಾಪುರ, ಮಳಖೇಡ, ಸೇಡಂ ದಾಟಿ ಸಿಕಂದರಾಬಾದಿಗೆ ಹೋಗುವ ಹಳಿ ಇನ್ನೊಂದು. ಹಾಗೆ ಕುಳಿತವರ ಮಾತು ಮೊದಲು ಮಳೆ ಬೆಳೆಗೆ, ಆಮೇಲೆ ತೊಗರಿಯ ಧಾರಣೆಗೆ, ಕೊನೆಗೆ ಸಾಲಕ್ಕೆ ಬಂದು ನಿಲ್ಲುವುದು ಸಾಮಾನ್ಯ. ‘ಇಂಥವನು ಪಾಪರ್ ಆದನಂತೆ’ ಎಂದು ಒಬ್ಬನು ದನಿ ತಗ್ಗಿಸಿ ಹೇಳುತ್ತಾನೆ. ಕೇಳಿದವನು ಅತ್ತಿತ್ತ ನೋಡುತ್ತಾನೆ. ಸಾವಿನ ಸುದ್ದಿಯನ್ನು ಸಹ ನಾವು ಇಷ್ಟು ಮೆಲ್ಲಗೆ ಹೇಳುವುದಿಲ್ಲ.

ದಿವಾಳಿ ಎಂಬ ಮಾತಿಗೆ ಈ ನಾಚಿಕೆ ಏಕೆ ಅಂಟಿಕೊಂಡಿತು? ಕೈ ಸೋತ ವರ್ತಕನು ತನ್ನ ಅಂಗಡಿಯಲ್ಲಿ ಹಾಡುಹಗಲೇ ದೀಪ ಹಚ್ಚಿಡುತ್ತಿದ್ದನೆಂದೂ, ಅದನ್ನು ಕಂಡವರು ಇನ್ನು ಇವನಲ್ಲಿ ಕೊಡುಕೊಳ್ಳುವ ವ್ಯವಹಾರ ಮುಗಿಯಿತೆಂದು ತಿಳಿಯುತ್ತಿದ್ದರೆಂದೂ, ಆ ದೀಪದಿಂದಲೇ ದಿವಾಳಿ ಎಂಬ ಮಾತು ಬಂತೆಂದೂ ಹೇಳುವುದುಂಟು. ಇದು ನಿಜವಾದ ವ್ಯುತ್ಪತ್ತಿಯಾಗಿರಲಿ ಇಲ್ಲದಿರಲಿ, ಅದರಲ್ಲಿರುವ ಅರ್ಥ ಗಮನಿಸತಕ್ಕದ್ದು. ದೀಪವನ್ನು ಮುಚ್ಚಿಡುವುದಕ್ಕಾಗಿ ಯಾರೂ ಹಚ್ಚುವುದಿಲ್ಲ. ‘ನನ್ನಲ್ಲಿ ಇರುವುದು ಇಷ್ಟೇ, ಬಂದು ನೋಡಿರಿ’ ಎಂದು ಹೇಳುವುದೇ ಅದರ ಕೆಲಸ.

ಇಂದು ಈ ಪ್ರಶ್ನೆ ಅಂಗಡಿಕಾರರಿಗೆ ಮಾತ್ರ ಸೇರಿದ್ದಲ್ಲ. ಸಿಮೆಂಟ್ ಕಾರ್ಖಾನೆಯ ಕೆಲಸಗಾರ, ಶಾಲೆಯ ಮಾಸ್ತರ, ರೈಲ್ವೆಯ ನೌಕರ, ಇವರ ಅಂಗಿಯ ಜೇಬಿನಲ್ಲಿ ಕ್ರೆಡಿಟ್ ಕಾರ್ಡು ಎಂಬ ಸಣ್ಣ ಹಲಗೆಯೊಂದು ಸೇರಿಕೊಂಡಿದೆ. ಅದರಿಂದ ಸಾಮಾನು ಕೊಂಡರೆ ಹಣ ಕಟ್ಟಲು ಕೆಲವು ವಾರಗಳ ವಾಯಿದೆ ಸಿಗುತ್ತದೆ. ಆದರೆ ಅದೇ ಕಾರ್ಡನ್ನು ಎ.ಟಿ.ಎಂ. ಯಂತ್ರಕ್ಕೆ ತೂರಿಸಿ ನಗದು ತೆಗೆದರೆ ವಾಯಿದೆ ಇಲ್ಲ. ನೋಟು ಕೈಗೆ ಬಂದ ದಿನದಿಂದಲೇ ಬಡ್ಡಿ ಓಡತೊಡಗುತ್ತದೆ. ಅದಕ್ಕೆ ಮುಂಚೆ ನಗದು ತೆಗೆದ ಶುಲ್ಕ ಬೇರೆ, ಆ ಶುಲ್ಕದ ಮೇಲೆ ತೆರಿಗೆ ಬೇರೆ. ಅನೇಕ ಕಾರ್ಡುಗಳ ಬಡ್ಡಿ ತಿಂಗಳಿಗೆ ಶೇಕಡ 3ರಿಂದ 3.75ರವರೆಗೆ ಇದೆ. ಮಗಳ ಮದುವೆಗೊ, ತಂದೆಯ ಆಸ್ಪತ್ರೆಗೊ 50,000 ರೂಪಾಯಿ ತೆಗೆದವನು, ಅದನ್ನು ತೀರಿಸಲು ಮತ್ತೊಂದು ಕಾರ್ಡಿನಿಂದ ತೆಗೆದು, ಕೊನೆಗೆ ಐದು ಲಕ್ಷದ ಸುಳಿಯಲ್ಲಿ ಸಿಕ್ಕಿದ ಕಥೆಗಳು ಈಗ ಊರೂರಿನಲ್ಲಿಯೂ ಇವೆ.

ಇಂಥವನು ಕೇಳುವ ಪ್ರಶ್ನೆ ಒಂದೇ: ಈ ಸಾಲಕ್ಕೆ ಎಲ್ಲಿಯಾದರೂ ಕೊನೆ ಉಂಟೆ? ಈ ಪ್ರಶ್ನೆ ಹೊಸದಲ್ಲ. ಇದಕ್ಕೆ ಉತ್ತರ ಹುಡುಕಲು ಬಹುದೂರ ಹೋಗಬೇಕಾಗಿಯೂ ಇಲ್ಲ. ತಾವು ಒಪ್ಪಿದರೆ, ಶಹಾಬಾದಿನಿಂದ ವಾಡಿ, ಚಿತ್ತಾಪುರ, ಸೇಡಂ ಮಾರ್ಗವಾಗಿ ಚಿಂಚೋಳಿಯವರೆಗೆ ಒಂದು ಪ್ರಯಾಣ ಮಾಡಿ ಬರೋಣ.

ಶಹಾಬಾದಿಗೆ ಸಮೀಪದಲ್ಲಿ ಮರತೂರು ಎಂಬ ಊರಿದೆ. ಮಿತಾಕ್ಷರಾ ಎಂಬ ಧರ್ಮಶಾಸ್ತ್ರ ಗ್ರಂಥವನ್ನು ಬರೆದ ವಿಜ್ಞಾನೇಶ್ವರನ ಊರು ಇದೇ ಎಂದು ಈ ಭಾಗದ ಜನರು ಹೆಮ್ಮೆಯಿಂದ ಹೇಳುತ್ತಾರೆ. ಅವನು ಗ್ರಂಥ ರಚಿಸಿದ್ದು ಕಲ್ಯಾಣದಲ್ಲಿ, ಎಂದರೆ ಇಂದಿನ ಬಸವಕಲ್ಯಾಣದಲ್ಲಿ, 1076ರಿಂದ 1126ರವರೆಗೆ ಆಳಿದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ. ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ಈ ವ್ಯಾಖ್ಯಾನ ಬಂಗಾಳವೊಂದನ್ನು ಬಿಟ್ಟು ಭಾರತದ ಬಹುಭಾಗದಲ್ಲಿ ಹಿಂದೂ ಕುಟುಂಬಗಳ ಆಸ್ತಿಯ ಹಂಚಿಕೆಗೆ ಆಧಾರವಾಯಿತು. ದಾಯಭಾಗದ ವಿಚಾರದಿಂದ ಅದು ಪ್ರಸಿದ್ಧವಾದುದರಿಂದ, ಅದರಲ್ಲಿ ಋಣಾದಾನ ಎಂಬ ಪ್ರಕರಣ ಇರುವುದು ಅಷ್ಟಾಗಿ ಜನರ ಗಮನಕ್ಕೆ ಬಂದಿಲ್ಲ. ಸಾಲ ಕೊಡುವುದು, ಬಡ್ಡಿ ಎಣಿಸುವುದು, ವಸೂಲು ಮಾಡುವುದು, ಇವೆಲ್ಲವೂ ಅಲ್ಲಿ ವಿಚಾರಕ್ಕೆ ಬಂದಿವೆ.

ಅಲ್ಲಿನ ಲೆಕ್ಕವನ್ನು ನೋಡಿ. ಒತ್ತೆ ಇಟ್ಟುಕೊಂಡು ಕೊಟ್ಟ ಸಾಲಕ್ಕೆ ತಿಂಗಳ ಬಡ್ಡಿ ಅಸಲಿನ ಎಂಬತ್ತರಲ್ಲಿ ಒಂದು ಪಾಲು, ಎಂದರೆ ನೂರಕ್ಕೆ ಒಂದೂಕಾಲು. ಒತ್ತೆಯಿಲ್ಲದ ಸಾಲಕ್ಕೆ ನೂರಕ್ಕೆ ಎರಡರಿಂದ ಐದು. ಅಡವಿಯ ದಾರಿ ಹಿಡಿದು ವ್ಯಾಪಾರಕ್ಕೆ ಹೋಗುವವನಿಗೆ ಹತ್ತು, ಸಮುದ್ರ ದಾಟುವವನಿಗೆ ಇಪ್ಪತ್ತು. ಏಕೆಂದರೆ ಅಸಲೇ ಮುಳುಗುವ ಭಯ ಅಲ್ಲಿ ಹೆಚ್ಚು. ಈ ಎಲ್ಲಕ್ಕಿಂತ ದೊಡ್ಡ ಮಾತು ಮುಂದಿದೆ. ಹಣದ ಸಾಲ ಎಷ್ಟೇ ಕಾಲ ನಿಂತರೂ ಒಂದೇ ಸಲಕ್ಕೆ ವಸೂಲು ಮಾಡುವಾಗ ಎರಡರಷ್ಟನ್ನು ಮೀರಕೂಡದು. ಕಾಳಿನ ಸಾಲ ಮೂರರಷ್ಟು, ಬಟ್ಟೆಯದು ನಾಲ್ಕರಷ್ಟು, ಎಣ್ಣೆ ತುಪ್ಪಗಳಂಥ ರಸದ್ರವ್ಯದ್ದು ಎಂಟರಷ್ಟು. ಅಲ್ಲಿಗೆ ಬಡ್ಡಿ ನಿಲ್ಲಬೇಕು. ಹಣದ ಈ ನಿಯಮವನ್ನೇ ಮುಂದೆ ಜನ ದಾಮದುಪ್ಪಟ್ಟು ಎಂದು ಕರೆದರು. ನೆರೆಯ ಮುಂಬಯಿ ಪ್ರಾಂತದ ನ್ಯಾಯಾಲಯಗಳು ಇಂಗ್ಲಿಷರ ಕಾಲದಲ್ಲಿಯೂ ಹಿಂದೂಗಳ ಸಾಲದ ವ್ಯಾಜ್ಯಗಳಲ್ಲಿ ಇದನ್ನು ಮನ್ನಿಸಿದವು.

ಎಂಬತ್ತರಲ್ಲಿ ಒಂದು ಪಾಲಿನ ಬಡ್ಡಿಯಲ್ಲಿ ಅಸಲು ಇಮ್ಮಡಿಯಾಗಲು ಸರಿಯಾಗಿ 80 ತಿಂಗಳು ಬೇಕು. ತಿಂಗಳಿಗೆ ಶೇಕಡ ಮೂರೂವರೆಯ ಬಡ್ಡಿಯಲ್ಲಿ, ಚಕ್ರಬಡ್ಡಿಯನ್ನು ಬದಿಗಿಟ್ಟರೂ, 29 ತಿಂಗಳಿನೊಳಗೆ ಅದು ಇಮ್ಮಡಿಯಾಗುತ್ತದೆ. ಆ ಹಳೆಯ ನಿಯಮದಂತೆ ಬಡ್ಡಿ ಅಲ್ಲಿಗೆ ನಿಲ್ಲಬೇಕು. ಇಂದಿನ ಕಾರ್ಡಿನ ಲೆಕ್ಕ ಅಲ್ಲಿ ನಿಲ್ಲುವುದಿಲ್ಲ.

ಹಾಗೆಂದು ಹಳೆಯದೆಲ್ಲ ಹೊನ್ನೆಂದು ತಿಳಿಯುವುದು ಬೇಡ. ಒತ್ತೆಯಿಲ್ಲದ ಸಾಲದ ಎರಡರಿಂದ ಐದರ ದರಗಳು ಸಾಲಗಾರನ ವರ್ಣವನ್ನು ನೋಡಿ ಇಟ್ಟವು. ಮೇಲಿನವನಿಗೆ ಎರಡು, ಕೆಳಗಿನವನಿಗೆ ಐದು. ತೀರಿಸಲಾರದ ಬ್ರಾಹ್ಮಣನಿಂದ ಅವನ ಉತ್ಪತ್ತಿಗೆ ತಕ್ಕಂತೆ ಮೆಲ್ಲಮೆಲ್ಲನೆ ಕೊಡಿಸಬೇಕೆಂದೂ, ಕೀಳೆನಿಸಿದ ಕುಲದ ಬಡವನಿಂದ ಸಾಲಕ್ಕೆ ಬದಲಾಗಿ ದುಡಿಸಿಕೊಳ್ಳಬಹುದೆಂದೂ ಆ ಶಾಸ್ತ್ರ ಹೇಳಿತು. ಸಾಲಕ್ಕೆ ಕೊನೆಯನ್ನು ಕಂಡ ಬುದ್ಧಿಯೇ ಆ ಕೊನೆಯನ್ನು ಎಲ್ಲರಿಗೂ ಸಮನಾಗಿ ಹಂಚಲಿಲ್ಲ. ಈ ಮಾತನ್ನು ನೆನಪಿನಲ್ಲಿಟ್ಟುಕೊಳ್ಳಿ. ಚಿಂಚೋಳಿಗೆ ಹೋದಾಗ ಮತ್ತೆ ಬೇಕಾಗುತ್ತದೆ.

ತಂದೆಯ ಸಾಲದ ವಿಷಯದಲ್ಲಿಯೂ ಒಂದು ಕಟ್ಟಿತ್ತು. ತಂದೆ ಸತ್ತರೆ, ದೇಶಾಂತರ ಹೋದರೆ, ತೀರದ ಕಷ್ಟಕ್ಕೆ ಸಿಕ್ಕಿದರೆ ಮಗನು ಸಾಲ ತೀರಿಸಬೇಕು. ಆದರೆ ಕುಡಿತ, ಜೂಜು, ವಿಷಯಲಂಪಟತನಗಳಿಗೆ ಮಾಡಿದ ಸಾಲ ಮಗನ ಮೇಲೆ ಬೀಳದು. ಮಗನ ಈ ಹೊಣೆ ನಮ್ಮ ನ್ಯಾಯಾಲಯಗಳಲ್ಲಿ ಬಹುಕಾಲ ನಡೆದುಬಂದು, 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಕಾಯಿದೆಯಿಂದ ನಿಂತುಹೋಯಿತು. ಅದಾದ ಮೇಲೆ ತಂದೆ ಮಾಡಿದ ಸಾಲಕ್ಕೆ, ಮಗನಾಗಿ ಹುಟ್ಟಿದ ಧರ್ಮವೆಂಬ ಒಂದೇ ಕಾರಣದಿಂದ ಅವನನ್ನು ಹಿಡಿಯುವಂತಿಲ್ಲ. ತಂದೆ ಬಿಟ್ಟುಹೋದ ಆಸ್ತಿಯಿದ್ದರೆ ಸಾಲವು ಆ ಆಸ್ತಿಯ ಮಟ್ಟಿಗೆ ಬರುತ್ತದೆ, ಅಷ್ಟೇ. ತೀರಿಕೊಂಡವರ ಕಾರ್ಡಿನ ಬಾಕಿಗಾಗಿ ಮಕ್ಕಳನ್ನು ಹೆದರಿಸುವ ಫೋನು ಬಂದರೆ ಈ ಮಾತು ತಿಳಿದಿರಲಿ.

ಶಹಾಬಾದನ್ನು ಬಿಟ್ಟು ಈಗ ವಾಡಿಗೆ ಬರೋಣ. ಇಲ್ಲಿಂದ ಸಿಕಂದರಾಬಾದಿಗೆ ಹಳಿ ತೆರೆದದ್ದು 1874ರಲ್ಲಿ, ನಿಜಾಮರ ಆಳ್ವಿಕೆಯಲ್ಲಿ. ಆ ಸಂಸ್ಥಾನದ ಸಾಲದ ಚರಿತ್ರೆ ನಾವು ಕೇಳಿಯೇ ತೀರಬೇಕಾದುದು. ಏಕೆಂದರೆ ಈ ಐದೂ ಊರುಗಳು ಅದರ ಪ್ರಜೆಗಳಾಗಿದ್ದವು.

1814ರ ಸುಮಾರಿಗೆ ವಿಲಿಯಂ ಪಾಮರ್ ಎಂಬಾತನು ಹೈದರಾಬಾದಿನಲ್ಲಿ ಲೇವಾದೇವಿಯ ಕೋಠಿಯೊಂದನ್ನು ನಡೆಸತೊಡಗಿದ್ದನು. ದಿವಾನಗಿರಿ ನಡೆಸುತ್ತಿದ್ದ ಚಂದೂಲಾಲನ ಸರ್ಕಾರ ಸೈನ್ಯದ ಸಂಬಳಕ್ಕೂ ಇತರ ಖರ್ಚಿಗೂ ಆ ಕೋಠಿಯಿಂದ ಮತ್ತೆ ಮತ್ತೆ ಹಣ ತಂದಿತು. ಬಡ್ಡಿ ವರ್ಷಕ್ಕೆ ಶೇಕಡ 24, 25ರವರೆಗೆ ಹೋಯಿತು. ಹಳೆಯ ಸಾಲ ತೀರಿಸಲು ಹೊಸ ಸಾಲ, ಅದಕ್ಕೆ ಜಿಲ್ಲೆಗಳ ಕಂದಾಯವೇ ಆಧಾರ. 1820ರಲ್ಲಿ 60 ಲಕ್ಷ ರೂಪಾಯಿಯ ದೊಡ್ಡ ಸಾಲಕ್ಕೆ ಗವರ್ನರ್ ಜನರಲ್ ಲಾರ್ಡ್ ಹೇಸ್ಟಿಂಗ್ಸನ ಸರ್ಕಾರ ಒಪ್ಪಿಗೆ ಕೊಟ್ಟಿತು. ಅದೇ ವರ್ಷ ರೆಸಿಡೆಂಟನಾಗಿ ಬಂದ ಚಾರ್ಲ್ಸ್ ಮೆಟ್‌ಕಾಫ್ ಈ ವ್ಯವಹಾರದ ಒಳಹೊರಗನ್ನು ಬಯಲಿಗೆಳೆದನು. ಕೊನೆಗೆ, ಉತ್ತರ ಸರ್ಕಾರ ಜಿಲ್ಲೆಗಳಿಗಾಗಿ ಕಂಪನಿಯು ನಿಜಾಮನಿಗೆ ವರ್ಷವರ್ಷವೂ ಸಲ್ಲಿಸುತ್ತಿದ್ದ ಪೇಷ್ಕಷ್ ಹಣವನ್ನು ಶಾಶ್ವತವಾಗಿ ಕಳೆದುಕೊಂಡು ಕೋಠಿಯ ಬಾಕಿ ತೀರಿಸಬೇಕಾಯಿತು. 1824ರಲ್ಲಿ ಪಾಮರನ ಕೋಠಿ ತಾನೂ ದಿವಾಳಿಯೆದ್ದಿತು.

ಒಂದು ಸಂಸ್ಥಾನವನ್ನೇ ಹಣ್ಣು ಮಾಡಿದ ಆ ಬಡ್ಡಿ ಎಷ್ಟು? ತಿಂಗಳಿಗೆ ಶೇಕಡ ಎರಡು. ಇಂದಿನ ಕಾರ್ಡಿನ ನಗದಿಗೆ ಅದಕ್ಕಿಂತ ಒಂದೂವರೆ ಪಟ್ಟು ಮೀರಿದ ಬಡ್ಡಿಯಿದೆ. ನಿಜಾಮನು ಬಿದ್ದ ಗುಂಡಿಯೂ ನಮ್ಮ ಮನೆಯವನು ಬೀಳುವ ಗುಂಡಿಯೂ ಒಂದೇ: ಸಾಲ ತೀರಿಸಲು ಸಾಲ.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಹೈದರಾಬಾದ್ ಕಂಟಿಂಜೆಂಟ್ ಎಂಬ ಸೈನ್ಯದ ಖರ್ಚಿನ ಬಾಕಿಗಾಗಿ 1853ರಲ್ಲಿ ನಿಜಾಮನು ಬೀರಾರ್, ಧಾರಾಶಿವ, ರಾಯಚೂರು ದೋಆಬುಗಳನ್ನು ಇಂಗ್ಲಿಷರ ಕೈಗೆ ಒಪ್ಪಿಸಬೇಕಾಯಿತು. ಸಾಲಕ್ಕಾಗಿ ಕನ್ನಡನಾಡಿನ ಒಂದು ತುಂಡು ಒತ್ತೆ ಹೋಯಿತೆಂದರೆ ತಪ್ಪಲ್ಲ. ಆದರೆ 1857ರ ದಂಗೆಯಲ್ಲಿ ನಿಜಾಮನು ಇಂಗ್ಲಿಷರ ಪಕ್ಷದಲ್ಲಿ ನಿಂತ ಕಾರಣ, 1860ರಲ್ಲಿ ಅವರು ರಾಯಚೂರು ದೋಆಬು ಮತ್ತು ಧಾರಾಶಿವವನ್ನು ಹಿಂದಿರುಗಿಸಿದರು, ಸುರಪುರವನ್ನೂ ಕೊಟ್ಟರು, ಮಾತ್ರವಲ್ಲ, 50 ಲಕ್ಷ ರೂಪಾಯಿ ಸಾಲವನ್ನು ಒಂದೇ ಬರಹದಲ್ಲಿ ತೊಡೆದುಹಾಕಿದರು. ಅರಸನ ಸಾಲಕ್ಕೆ ಹೀಗೆ ಕೊನೆ ಬಂತು. ರೈತನ ಸಾಲಕ್ಕೆ?

ನೆರೆಯ ಮುಂಬಯಿ ಪ್ರಾಂತದಲ್ಲಿ ಇದಕ್ಕೆ ಉತ್ತರವನ್ನು ರೈತರೇ ಕೇಳಿದರು. 1875ರಲ್ಲಿ ಪುಣೆ, ಅಹಮದನಗರ ಜಿಲ್ಲೆಗಳ ಹಳ್ಳಿಗಳಲ್ಲಿ ಅವರು ಸಾಹುಕಾರರ ಮನೆಗಳಿಗೆ ನುಗ್ಗಿ ಸಾಲಪತ್ರಗಳನ್ನು ಸುಟ್ಟರು. ಅದರ ಫಲವಾಗಿ 1879ರಲ್ಲಿ ದಖ್ಖಣ ರೈತರ ಪರಿಹಾರ ಕಾಯಿದೆ ಬಂತು. ಪುಣೆ, ಸಾತಾರಾ, ಅಹಮದನಗರಗಳಿಗೂ ನಮ್ಮ ಮಗ್ಗುಲಿನ ಸೊಲ್ಲಾಪುರಕ್ಕೂ ಅದು ಅನ್ವಯಿಸಿತು. ಹಣದ ಡಿಕ್ರಿಗಾಗಿ ರೈತನನ್ನು ಸೆರೆಗೆ ಹಾಕುವುದು ನಿಂತಿತು. 50 ರೂಪಾಯಿ ಸಾಲವಿದ್ದ ರೈತನೂ ದಿವಾಳಿಯ ಅರ್ಜಿ ಕೊಡಲು ಅವಕಾಶವಾಯಿತು. ಸೊಲ್ಲಾಪುರದಿಂದ ವಾಡಿಗೆ ಒಂದೇ ಹಳಿ. ಆದರೆ ಆ ಕಾಯಿದೆ ಸಂಸ್ಥಾನದ ಗಡಿಯಲ್ಲಿಯೇ ಇಳಿದುಕೊಂಡಿತು.

ವಾಡಿಯಲ್ಲಿ ಗಾಡಿ ಬದಲಾಯಿಸಿ ಚಿತ್ತಾಪುರಕ್ಕೆ ಬಂದರೆ ಊರ ಮಗ್ಗುಲಲ್ಲೇ ನಾಗಾವಿ. ಹನ್ನೊಂದನೆಯ ಶತಮಾನದಲ್ಲಿ ಅಲ್ಲಿದ್ದ ಘಟಿಕಾಸ್ಥಾನದಲ್ಲಿ ಉಪಾಧ್ಯಾಯರ ಜೊತೆಗೆ ಗ್ರಂಥಗಳನ್ನು ಕಾಯುವ ಸರಸ್ವತೀ ಭಂಡಾರಿಗಳೂ ಇದ್ದರೆಂದು ಶಾಸನ ಹೇಳುತ್ತದೆ. ಬರಹವನ್ನು ಇಷ್ಟು ಜೋಪಾನ ಮಾಡಿದ ಸೀಮೆಯಲ್ಲಿ ಸಾಲದ ಬರಹದ ವಿಚಾರವನ್ನೂ ಆಡುವುದು ಉಚಿತ. ಕಂತು ಕೊಟ್ಟಾಗಲೆಲ್ಲ ಅದನ್ನು ಸಾಲಪತ್ರದ ಬೆನ್ನ ಮೇಲೆ ಬರೆಯಬೇಕು, ಅಥವಾ ಸಾಹುಕಾರನು ಸ್ವಹಸ್ತದ ರಸೀದಿ ಕೊಡಬೇಕು. ಪೂರ್ತಿ ತೀರಿದ ದಿನ ಪತ್ರವನ್ನು ಹರಿದುಹಾಕಬೇಕು. ಕೊಡಬಂದ ಹಣವನ್ನು ಸಾಹುಕಾರನು ಒಲ್ಲೆನೆಂದರೆ ಮಧ್ಯಸ್ಥನಲ್ಲಿ ಇಟ್ಟುಬಿಟ್ಟರೆ ಅಂದಿನಿಂದ ಬಡ್ಡಿಯಿಲ್ಲ. ಇವೂ ಋಣಾದಾನದ ವಿಧಿಗಳೇ.

ಇಂದಿಗೂ ಇವು ಹಳತಾಗಿಲ್ಲ. ಕಾರ್ಡಿನ ಬಾಕಿಯನ್ನು ಇಷ್ಟಕ್ಕೆ ಮುಗಿಸುತ್ತೇವೆಂದು ಫೋನಿನಲ್ಲಿ ಯಾರೋ ಹೇಳಿದರೆ ನಂಬಬೇಡಿರಿ. ಬ್ಯಾಂಕಿನ ಕಾಗದದ ಮೇಲೆ ಬರೆಸಿಕೊಂಡು ಹಣ ಕಟ್ಟಿರಿ. ಬಾಕಿ ಇಲ್ಲವೆಂಬ ಪತ್ರ ಕೈಗೆ ಬರುವವರೆಗೆ ವ್ಯವಹಾರ ಮುಗಿಯಿತೆಂದು ತಿಳಿಯಬೇಡಿರಿ. ವಸೂಲಿಯವರು ಬೆಳಗಿನ 8 ಗಂಟೆಗೆ ಮುಂಚೆ, ಸಂಜೆ 7ರ ನಂತರ ಕರೆ ಮಾಡಕೂಡದೆಂದು ರಿಸರ್ವ್ ಬ್ಯಾಂಕು 2022ರಲ್ಲಿ ಆಜ್ಞೆ ಮಾಡಿದೆ. ಮಾತು ಮೀರಿದರೆ ಅದರ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು.

ಸಾಲಗಾರನ ಸಂಬಳವನ್ನೆಲ್ಲ ಜಪ್ತಿ ಮಾಡಿಬಿಡುತ್ತಾರೆಂಬ ಭಯವೂ ಅನೇಕರಿಗಿದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೆಯ ಕಲಮು ಇದಕ್ಕೆ ಅಡ್ಡಗೋಡೆ. ಸಾಮಾನ್ಯ ಸಾಲದ ಡಿಕ್ರಿಗೆ ಸಂಬಳದ ಮೊದಲ 1,000 ರೂಪಾಯಿಯನ್ನೂ, ಉಳಿದುದರ ಮೂರರಲ್ಲಿ ಎರಡು ಪಾಲನ್ನೂ ಮುಟ್ಟುವಂತಿಲ್ಲ. 31,000 ರೂಪಾಯಿ ಸಂಬಳವಿದ್ದವನಿಗೆ 21,000 ಉಳಿಯುತ್ತದೆ. ಒಂದೇ ಡಿಕ್ರಿಗಾಗಿ ಒಟ್ಟು 24 ತಿಂಗಳು ಜಪ್ತಿ ನಡೆದ ಮೇಲೆ ಆ ಡಿಕ್ರಿಗೆ ಮತ್ತೆ ಸಂಬಳ ಹಿಡಿಯುವಂತಿಲ್ಲ. ಉಡುವ ಬಟ್ಟೆ, ಅಡಿಗೆಯ ಪಾತ್ರೆ, ಹಾಸಿಗೆ, ಕುಶಲಕರ್ಮಿಯ ಹತಾರ, ಒಕ್ಕಲಿಗನ ಎತ್ತು ನೇಗಿಲು, ಇವಕ್ಕೂ ರಕ್ಷಣೆಯಿದೆ. ಇನ್ನು ಸೆರೆಮನೆಯ ಮಾತು. ತೀರಿಸುವ ಶಕ್ತಿಯಿದ್ದೂ ಕೆಟ್ಟ ಬುದ್ಧಿಯಿಂದ ತಪ್ಪಿಸಿಕೊಳ್ಳುವವನ ಹೊರತು, ಬಡತನದಿಂದ ಕೊಡಲಾರದವನನ್ನು ಸಾಲಕ್ಕಾಗಿ ಸೆರೆಗೆ ಹಾಕುವುದು ಸಲ್ಲದೆಂದು 1980ರಲ್ಲಿ ಜಾಲಿ ಜಾರ್ಜ್ ವರ್ಗೀಸ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿತು. ಬರೆದವರು ನ್ಯಾಯಮೂರ್ತಿ ಕೃಷ್ಣ ಅಯ್ಯರ್.

ಆದರೆ ಬಡ್ಡಿಯ ದರವನ್ನೇ ಇಳಿಸಿರೆಂದು ನ್ಯಾಯಾಲಯವನ್ನು ಕೇಳುವ ದಾರಿ ಇಂದು ಬಹಳ ಇಕ್ಕಟ್ಟು. ಬ್ಯಾಂಕಿನ ಬಡ್ಡಿ ಹೆಚ್ಚಾಯಿತೆಂಬ ಕಾರಣಕ್ಕೆ ನ್ಯಾಯಾಲಯಗಳು ಲೆಕ್ಕ ತಿರುವಿಹಾಕಕೂಡದೆಂಬ ಕಲಮು 1984ರಿಂದ ಬ್ಯಾಂಕಿಂಗ್ ಕಾಯಿದೆಯಲ್ಲಿದೆ. ಕಾರ್ಡಿಗೆ ವರ್ಷಕ್ಕೆ ಶೇಕಡ 30ಕ್ಕೆ ಮೀರಿದ ಬಡ್ಡಿ ಅನ್ಯಾಯದ ವ್ಯಾಪಾರವೆಂದು ರಾಷ್ಟ್ರೀಯ ಗ್ರಾಹಕ ಆಯೋಗವು 2008ರಲ್ಲಿ ಹೇಳಿತ್ತು. ಆ ತೀರ್ಪನ್ನು ಸುಪ್ರೀಂ ಕೋರ್ಟು 2024ರ ಡಿಸೆಂಬರ್ 20ರಂದು ತಳ್ಳಿಹಾಕಿತು. ಹೀಗಿರಲು, ಬಡ್ಡಿಗೆ ಮಿತಿಯಿಲ್ಲದ ಸಾಲಕ್ಕೆ ಕೊನೆಯ ಬಾಗಿಲು ಯಾವುದು? ದಿವಾಳಿಯ ಅರ್ಜಿ.

ಅದನ್ನು ತಿಳಿಯಲು ಮಳಖೇಡ ದಾಟಿ ಸೇಡಮಿಗೆ ಬರೋಣ. ತೆಲುಗು ಸೀಮೆಯ ಗಾಳಿ ಬೀಸುವ ಈ ಗಡಿಯಾಚೆ ದಿವಾಳಿಗೆ ‘ಐ.ಪಿ.’ ಎಂದೇ ಹೆಸರು. ಇನ್ಸಾಲ್ವೆನ್ಸಿ ಪಿಟಿಷನ್ ಎಂಬುದರ ಮೊದಲಕ್ಷರಗಳು. ಬ್ರಿಟಿಷ್ ಇಂಡಿಯಾದ ಜಿಲ್ಲೆಗಳಿಗೆ ಈ ಅರ್ಜಿಯ ಕಾಯಿದೆ ಮೊದಲು 1907ರಲ್ಲಿ, ತಿದ್ದಿ ಬರೆದ ರೂಪದಲ್ಲಿ 1920ರಲ್ಲಿ ಬಂತು. 1920ರ ಪ್ರಾಂತೀಯ ದಿವಾಳಿ ಕಾಯಿದೆಗೆ ಹೈದರಾಬಾದ್ ಸಂಸ್ಥಾನ ಹೊರಗಿತ್ತು. 1956ರ ನವೆಂಬರ್ 1ರಂದು ಗುಲಬರ್ಗಾ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ, ರಾಜ್ಯ ಶಾಸನಸಭೆಯ 1962ರ ವಿಸ್ತರಣಾ ಕಾಯಿದೆಯ ಮೂಲಕ ಅದು ಈ ಸೀಮೆಗೂ ಬಂತು. 2016ರ ಹೊಸ ದಿವಾಳಿ ಸಂಹಿತೆಯಲ್ಲಿ ಸಾಮಾನ್ಯ ವ್ಯಕ್ತಿಗಳಿಗೆಂದು ಒಂದು ಭಾಗವೇ ಇದ್ದರೂ, ಕಂಪನಿಗಳಿಗೆ ಜಾಮೀನು ನಿಂತವರ ಹೊರತು ಉಳಿದವರಿಗೆ ಅದು ಇದನ್ನು ಬರೆಯುವ ಹೊತ್ತಿಗೆ ಜಾರಿಯಾಗಿಲ್ಲ. ಆದುದರಿಂದ ನೂರು ವರ್ಷ ದಾಟಿದ ಹಳೆಯ ಕಾಯಿದೆಯೇ ಇಂದಿಗೂ ಗತಿ.

ಅದು ನಡೆಯುವ ಕ್ರಮ ಹೀಗೆ. 500 ರೂಪಾಯಿಗೆ ಕಡಿಮೆಯಿಲ್ಲದ ಸಾಲವಿದ್ದು ತೀರಿಸಲಾರದವನು ಜಿಲ್ಲಾ ನ್ಯಾಯಾಲಯಕ್ಕೆ, ಅಥವಾ ಈ ಅಧಿಕಾರ ಪಡೆದ ಕೆಳಗಿನ ನ್ಯಾಯಾಲಯಕ್ಕೆ, ಅರ್ಜಿ ಕೊಡುತ್ತಾನೆ. ಯಾರಿಗೆ ಎಷ್ಟು ಕೊಡಬೇಕು, ತನ್ನಲ್ಲಿ ಏನೇನು ಇದೆ ಎಂಬ ಪಟ್ಟಿಯನ್ನು ಬಿಡದೆ ಬರೆಯಬೇಕು. ನ್ಯಾಯಾಲಯ ಅವನನ್ನು ದಿವಾಳಿಯೆಂದು ಘೋಷಿಸಿದರೆ ಅವನ ಆಸ್ತಿ ನ್ಯಾಯಾಲಯದ ಅಥವಾ ರಿಸೀವರನ ವಶವಾಗುತ್ತದೆ. ಅಲ್ಲಿಂದ ಮುಂದೆ ಸಾಲ ಕೊಟ್ಟವರು ನ್ಯಾಯಾಲಯದ ಅನುಮತಿಯಿಲ್ಲದೆ ಅವನ ಮೇಲೆ ಬೇರೆ ದಾವೆ ಹೂಡುವಂತಿಲ್ಲ. ಆಸ್ತಿ ಮಾರಿ ಬಂದುದನ್ನು ಎಲ್ಲರಿಗೂ ಪ್ರಮಾಣಕ್ಕೆ ತಕ್ಕಂತೆ ಹಂಚುತ್ತಾರೆ. ಒತ್ತೆ ಇಟ್ಟುಕೊಂಡವನ ಹಕ್ಕು ಮಾತ್ರ ಬೇರೆ. ಕಾರ್ಡಿನ ನಗದು ಒತ್ತೆಯಿಲ್ಲದ ಸಾಲವಾದುದರಿಂದ ಸಾಲಿನಲ್ಲಿ ನಿಲ್ಲುತ್ತದೆ. ಕೊನೆಗೆ ಸಾಲಗಾರನು ಬಿಡುಗಡೆ ಕೇಳಬೇಕು. ಬಿಡುಗಡೆಯಾದರೆ ಉಳಿದ ಸಾಲ ಕಳಚುತ್ತದೆ. ಆಗುವವರೆಗೆ ಅವನು ಶಾಸನಸಭೆಯ ಸದಸ್ಯನಾಗಲಾರ.

ಆ ಬಿಡುಗಡೆಯ ದಿನ ನ್ಯಾಯಾಧೀಶರು ಕೇಳುವ ಪ್ರಶ್ನೆಗಳೇ ಈ ಕಾಯಿದೆಯ ಜೀವ. ರೂಪಾಯಿಗೆ ಎಂಟಾಣೆಯಷ್ಟಾದರೂ ಆಸ್ತಿ ಏಕೆ ಉಳಿಯಲಿಲ್ಲ, ಅದು ನಿನ್ನ ತಪ್ಪಿಲ್ಲದೆ ಆದುದೆ? ತೀರಿಸುವ ನಂಬಿಕೆಯಿಲ್ಲದೆ ಸಾಲ ಮಾಡಿದೆಯಾ? ಜೂಜು, ದುಂದುವೆಚ್ಚ, ದುಡುಕಿನ ಸಟ್ಟಾಗಳಿಂದ ಹಾಳಾದೆಯಾ? ಕಾರ್ಡಿನಿಂದ ನಗದು ತೆಗೆದವನು ಇಲ್ಲಿ ಚೆನ್ನಾಗಿ ಯೋಚಿಸಬೇಕು. ಆಸ್ಪತ್ರೆಗೆ ತೆಗೆದ ನಗದಿಗೆ ರಸೀದಿ ತೋರಿಸಬಹುದು. ‘ಹೇಗೂ ಐ.ಪಿ. ಹಾಕುತ್ತೇನೆ’ ಎಂದು ಅರ್ಜಿಯ ಹಿಂದಿನ ವಾರ ಮಿತಿಯವರೆಗೆ ತೆಗೆದ ನಗದಿಗೆ ಏನು ತೋರಿಸುವುದು? ಮೋಸದಿಂದ ಮಾಡಿದ ಸಾಲ ಬಿಡುಗಡೆಯಾದರೂ ತೊಲಗುವುದಿಲ್ಲ. ಎರಡು ವರ್ಷದೊಳಗೆ ಭಾವಮೈದುನನ ಹೆಸರಿಗೆ ದಾನ ಬರೆದ ಹೊಲವನ್ನು ನ್ಯಾಯಾಲಯ ಹಿಂದಕ್ಕೆ ಎಳೆಯಬಲ್ಲದು. ಮೂರು ತಿಂಗಳೊಳಗೆ ಒಬ್ಬ ಸಾಲಗಾರನಿಗೆ ಮಾತ್ರ ಪಕ್ಷಪಾತದಿಂದ ತೀರಿಸಿದ್ದನ್ನೂ ರದ್ದು ಮಾಡಬಲ್ಲದು. ಹಗಲಿನಲ್ಲಿ ಹಚ್ಚಿದ ದೀಪದಂತೆ, ಮನೆಯ ಮೂಲೆಯೆಲ್ಲ ಕಾಣಿಸಬೇಕು.

ಇದನ್ನು ನಾಚಿಕೆಗೇಡೆನ್ನುವವರಿಗೆ ಸೇಡಂ ತಾಲ್ಲೂಕಿನ ಕುರಕುಂಟಾವನ್ನು ತೋರಿಸಬಹುದು. ಅಲ್ಲಿಯ ಸಿಮೆಂಟ್ ಕಾರ್ಖಾನೆ ಕೇಂದ್ರ ಸರ್ಕಾರದ ಸಿಮೆಂಟ್ ಕಾರ್ಪೊರೇಷನ್ನಿನದು. 1990ರ ದಶಕದಲ್ಲಿ ನಿಂತುಹೋಯಿತು. ನಷ್ಟದಲ್ಲಿ ಮುಳುಗಿದ ಆ ಸಂಸ್ಥೆಯನ್ನು ರೋಗಗ್ರಸ್ತ ಉದ್ಯಮಗಳ ಮಂಡಳಿಯ ಮುಂದೆ ಒಯ್ದರು. ನಿಂತುಹೋದ ಘಟಕಗಳನ್ನು ಮುಚ್ಚಿ, ತಾಂಡೂರು ಮೊದಲಾದ ಮೂರನ್ನು ಉಳಿಸಿಕೊಳ್ಳುವ ಯೋಜನೆ 2006ರಲ್ಲಿ ಮಂಜೂರಾಯಿತು. ಸೋತ ಕಾರ್ಖಾನೆಯನ್ನು ನಾವು ರೋಗಿ ಎನ್ನುತ್ತೇವೆ. ಅದಕ್ಕೆ ವೈದ್ಯರನ್ನು ಕರೆಸುತ್ತೇವೆ. ಸೋತ ಮನುಷ್ಯನನ್ನು ಮಾತ್ರ ಪಾಪಿ ಎನ್ನುತ್ತೇವೆ. ಇದು ಯಾವ ನ್ಯಾಯ?

ಇನ್ನು ಹಳಿಯಿಲ್ಲ. ಸೇಡಮಿನಿಂದ ಬಸ್ಸು ಹಿಡಿದು ಚಿಂಚೋಳಿಗೆ ಹೋಗಬೇಕು; ಅತ್ತ ಕಾಡು, ಆಚೆ ತೆಲಂಗಾಣದ ಗಡಿ. ಮಿತಾಕ್ಷರೆಯಲ್ಲಿ ಕಂಡ ಆ ಇನ್ನೊಂದು ಮಾತನ್ನು, ಬಡವನು ಸಾಲಕ್ಕೆ ಬದಲು ದುಡಿಯಲಿ ಎಂಬುದನ್ನು, ಇಲ್ಲಿ ನೆನೆಯಬೇಕು. ನಮ್ಮಲ್ಲಿ ಜೀತವೆಂದೂ ಸಂಸ್ಥಾನದ ಕಾಗದಪತ್ರಗಳಲ್ಲಿ ಭಗೇಲವೆಂದೂ ಹೆಸರಾದ ಆ ಪದ್ಧತಿಯಲ್ಲಿ, ಮದುವೆಗೆ ತಂದ ಅಲ್ಪ ಹಣಕ್ಕಾಗಿ ತಂದೆಯೂ ಅವನ ಹಿಂದೆ ಮಗನೂ ಒಡೆಯನ ಹೊಲದಲ್ಲಿ ಸವೆದರು. ದುಡಿದಷ್ಟೂ ಬಡ್ಡಿಗೆ ಸಂದಿತು, ಅಸಲು ಅಲುಗಲಿಲ್ಲ. ನಿಜಾಮರ ಸರ್ಕಾರ 1936ರಲ್ಲಿ ಭಗೇಲ ಒಪ್ಪಂದಗಳಿಗೆ ಕಟ್ಟಳೆ ಮಾಡಿತು. ಫಸಲಿ 1349ರಲ್ಲಿ, ಎಂದರೆ 1939–40ರಲ್ಲಿ, ಲೇವಾದೇವಿಗಾರರ ಕಾಯಿದೆಯನ್ನೂ ತಂದಿತು. ಆದರೆ ಜೀತದ ಸಾಲವೆಂಬುದೇ ಅಳಿದುಹೋಯಿತೆಂದು, ಅದನ್ನು ಯಾರೂ ಕೊಡಬೇಕಾಗಿಲ್ಲವೆಂದು ಇಡೀ ದೇಶಕ್ಕೆ ಸಾರಿದ್ದು 1975ರ ಅಕ್ಟೋಬರಿನ ಸುಗ್ರೀವಾಜ್ಞೆ ಮತ್ತು 1976ರ ಜೀತಪದ್ಧತಿ ರದ್ದಿಯಾತಿ ಕಾಯಿದೆ. ಅರಸನ 50 ಲಕ್ಷಕ್ಕೆ 1860ರಲ್ಲಿ ಸಿಕ್ಕ ಕೊನೆ, ಜೀತಗಾರನ ಪುಡಿಗಾಸಿಗೆ ಸಿಗಲು ಇನ್ನೂ 115 ವರ್ಷ ಬೇಕಾಯಿತು.

ಹೀಗೆ ನೋಡಿದರೆ, ಸಾಲಕ್ಕೊಂದು ಕೊನೆಯಿರಬೇಕೆಂಬುದು ದಯೆಯ ಮಾತಲ್ಲ, ಲೆಕ್ಕದ ಮಾತು. ಕೊನೆಯಿಲ್ಲದ ಸಾಲ ಸಾಲವಾಗಿ ಉಳಿಯದೆ ಜೀತವಾಗುತ್ತದೆ. ಕಾರ್ಡಿನ ಕನಿಷ್ಠ ಕಂತನ್ನಷ್ಟೇ ತಿಂಗಳುತಿಂಗಳೂ ಕಟ್ಟುತ್ತ, ಅಸಲು ಅಲುಗದೆ ವರ್ಷಗಳನ್ನು ಕಳೆಯುವ ನೌಕರನು ಯಾರ ಹೊಲದಲ್ಲಿ ದುಡಿಯುತ್ತಿದ್ದಾನೆ, ತಾವೇ ಹೇಳಿ.

ಹಾಗಾದರೆ ಇಂದೇ ಅರ್ಜಿ ಹಾಕಬೇಕೆ? ಅದು ಕೊನೆಯ ಬಾಗಿಲು, ಮೊದಲನೆಯದಲ್ಲ. ಮೊದಲು ಕಾರ್ಡನ್ನು ಪೆಟ್ಟಿಗೆಗೆ ಸೇರಿಸಿರಿ. ಇನ್ನು ನಗದು ತೆಗೆಯಬೇಡಿರಿ. ಎಲ್ಲ ಬಾಕಿಗಳನ್ನೂ ಒಂದು ಹಾಳೆಯ ಮೇಲೆ ಬರೆದು ಮನೆಯವರೊಡನೆ ಕುಳಿತು ಓದಿರಿ. ಗುಟ್ಟಿನ ಸಾಲದಷ್ಟು ಬೇಗ ಬೆಳೆಯುವ ಪೈರು ಬೇರೊಂದಿಲ್ಲ. ಬ್ಯಾಂಕಿನವರನ್ನು ಕಂಡು ಬಾಕಿಯನ್ನು ಕಡಿಮೆ ಬಡ್ಡಿಯ ಕಂತುಗಳಿಗೆ ಬದಲಾಯಿಸಲು ಕೇಳಿರಿ. ಆಗದಿದ್ದರೆ ಲೋಕ ಅದಾಲತ್ತಿದೆ; ಅಲ್ಲಿ ರಾಜಿಯಾದುದು ಅಂತಿಮ. 1987ರ ಕಾನೂನು ಸೇವೆಗಳ ಕಾಯಿದೆಯಂತೆ ಹೆಂಗಸರಿಗೂ, ಪರಿಶಿಷ್ಟ ಜಾತಿ ಪಂಗಡದವರಿಗೂ, ಕಾರ್ಖಾನೆಯ ಕೆಲಸಗಾರರಿಗೂ ವಕೀಲರ ನೆರವು ಉಚಿತ. ವಾಡಿ, ಶಹಾಬಾದುಗಳ ಕಾರ್ಮಿಕರು ಈ ಹಕ್ಕನ್ನು ಮರೆಯಬಾರದು. ಇಷ್ಟೆಲ್ಲ ಆಗಿಯೂ ದಾರಿ ಕಾಣದಿದ್ದರೆ, ದೀಪ ಹಚ್ಚಲು ಹಿಂಜರಿಯಬೇಡಿರಿ.

ಮುಂದೊಮ್ಮೆ ವಾಡಿಯ ಕಟ್ಟೆಯ ಮೇಲೆ ಯಾರಾದರೂ ದನಿ ತಗ್ಗಿಸಿ ‘ಅವನು ಪಾಪರ್ ಆದನಂತೆ’ ಎಂದರೆ, ತಾವು ದನಿ ತಗ್ಗಿಸದೆ ಒಂದು ಮಾತು ಕೇಳಿರಿ: ‘ಲೆಕ್ಕ ಪೂರ್ತಿ ಒಪ್ಪಿಸಿದನೇ?’ ಒಪ್ಪಿಸಿದ್ದರೆ ಅವನು ಮರ್ಯಾದೆ ಕಳೆದುಕೊಂಡಿಲ್ಲ, ಸಾಲವನ್ನು ಕಳೆದುಕೊಂಡಿದ್ದಾನೆ. ಅವನು ಕುಳಿತುಕೊಳ್ಳಲು ಸ್ವಲ್ಪ ಸರಿದು ಜಾಗ ಕೊಡಿ. ಅವನಿಗೂ ಮುಂದಿನ ಗಾಡಿ ಹಿಡಿಯುವುದಿದೆ.